ಅಷ್ಟಮಿಯ ನೀರು

ಡೊಂಬಿವಲಿಯಲ್ಲಿ ಸ್ಲೋ ಲೋಕಲ್ ಹತ್ತಿದರೆ ಕೋಪರ್, ದಿವಾ, ಮುಂಬ್ರಾ, ಕಳವಾ. ಕಳವಾ ಬಿಟ್ಟೊಡನೆ ಒಂದು ಸೇತುವೆ, ಕೆಳಗೆ ಖಾಡಿಯ ಕಪ್ಪು ನೀರು, ಆಚೆಗೆ ಥಾಣೆ. ಆ ನೀರು ದಾಟಿದವರೆಲ್ಲ ಇಳಿಯುವುದು ಒಂದು ದ್ವೀಪದಲ್ಲಿ. ಉತ್ತರಕ್ಕೆ ವಸಾಯಿ ಖಾಡಿ, ಪೂರ್ವಕ್ಕೆ ಥಾಣೆ ಖಾಡಿ, ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ನಡುವೆ ಸಾಷ್ಟಿ. ನಕ್ಷೆಗಳಲ್ಲಿ ಅದರ ಹೆಸರು ಸಾಲ್ಸೆಟ್. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಮೊದಲ ಪ್ರಯಾಣಿಕರ ರೈಲು ಥಾಣೆಗೆ ಬಂದು ನಿಂತಿತು, ಮುಂದೆ ನೀರಿತ್ತು. ಮರುವರ್ಷ ಖಾಡಿಯನ್ನು ದಾಟಿ ಕಲ್ಯಾಣದವರೆಗೆ ಹೋಯಿತು. ಬೆಳಗಿನ ಎಂಟರ ಗಾಡಿಯಲ್ಲಿ ಬಾಗಿಲಿಗೆ ಜೋತುಬಿದ್ದವರಿಗೆ ದ್ವೀಪಕ್ಕೆ ಬಂದ ಖುಷಿ ಆಗದಿದ್ದರೆ ತಪ್ಪೇನೂ ಇಲ್ಲ.

ಭಾವನಿಗೆ ಇದನ್ನು ಹೇಳಿದರೆ ನಂಬಲಿಲ್ಲ. ಅವರ ತಲೆಯಲ್ಲಿದ್ದ ದ್ವೀಪ ಒಂದೇ, ಶ್ರೀಲಂಕಾ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ವ್ಯಾನ್ ಮಾಡಿಕೊಂಡು ಇಡೀ ಲಂಕೆ ಸುತ್ತುವ ಆಸೆ. ಕಾಡೂ ಬೇಕು, ಕಡಲೂ ಬೇಕು. ಲ್ಯಾಪ್‌ಟಾಪಿನಲ್ಲಿ ಪಟ್ಟಿ ಸಿದ್ಧವಾಗಿತ್ತು: ‘ಮಿನ್ನೇರಿಯ, ಆನೆ, 3.30ರಿಂದ 5.30. ಮಿರಿಸ್ಸ, ತಿಮಿಂಗಿಲ, ಬೆಳಿಗ್ಗೆ 7. ಯಾಲ, ಚಿರತೆ, ಅರ್ಧ ದಿನ.’ ಎಲ್ಲವೂ ಒಂದೇ ಮೇ ತಿಂಗಳಲ್ಲಿ, ಮೊಮ್ಮಕ್ಕಳಿಗೆ ರಜೆ ಎಂಬ ಕಾರಣಕ್ಕೆ.

ನನಗೆ ಸಿಟ್ಟು ಬಂದದ್ದು ಅಲ್ಲಿ. ಲಂಕೆಗೆ ಎರಡು ಮಳೆಗಾಲ. ಮೇಯಿಂದ ಸೆಪ್ಟೆಂಬರ್‌ವರೆಗೆ ಮಿರಿಸ್ಸದ ಕಡಲು ಕದಡಿರುತ್ತದೆ. ಆಗ ನೀರಿಗಿಳಿಯಬೇಕಾದರೆ ಪೂರ್ವದ ತ್ರಿಂಕೋಮಲಿಗೆ ಹೋಗಬೇಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇದು ಅದಲುಬದಲು. ಮಿನ್ನೇರಿಯ ಎಂದರೆ ಮೂರನೇ ಶತಮಾನದಲ್ಲಿ ಮಹಾಸೇನ ರಾಜ ಕಟ್ಟಿಸಿದ ಕೆರೆ. ಅದರ ನೀರು ಇಳಿದು ಅಂಚಿನಲ್ಲಿ ಎಳೆಹುಲ್ಲು ಎದ್ದಾಗ, ಆಗಸ್ಟ್–ಸೆಪ್ಟೆಂಬರಿನ ಹೊತ್ತಿಗೆ, ಆನೆಗಳು ನೂರುಗಟ್ಟಲೆ ಸೇರುತ್ತವೆ.

‘‘ಭಾವ, ಆನೆಗೆ ನಿಮ್ಮ ಮೊಮ್ಮಕ್ಕಳ ರಜೆ ಯಾವಾಗ ಅಂತ ಗೊತ್ತಿರುವುದಿಲ್ಲ.’’

‘‘ದುಡ್ಡು ಕೊಟ್ಟರೆ ಎಲ್ಲ ತೋರಿಸುತ್ತಾರಂತೆ.’’

ಅಡುಗೆಮನೆಯಿಂದಲೇ ಅಕ್ಕ ತೀರ್ಪು ಕೊಟ್ಟಳು: ‘‘ಲಂಕೆ ಅಲ್ಲಿರಲಿ. ಮೊದಲು ಈ ಥಾಣೆಯ ದ್ವೀಪ ಸುತ್ತಿಸಿ. ನಿಮ್ಮ ಪಟ್ಟಿ ಎಷ್ಟು ನಡೆಯುತ್ತದೆ ನೋಡುವ.’’

ಭಾವ ಹೊಸ ಪಟ್ಟಿ ಮಾಡಿದರು. ಮೊದಲು ಯೇವೂರ್. ಥಾಣೆ ಪೇಟೆಯಿಂದ ಬಸ್ಸು ಗುಡ್ಡ ಹತ್ತಿದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಪೂರ್ವದ ಅಂಚು. ಸುಮಾರು 104 ಚದರ ಕಿಲೋಮೀಟರ್ ಕಾಡು, ಸುತ್ತ ಕೋಟಿಗೂ ಮಿಕ್ಕಿ ಜನ, ಒಳಗೆ ಚಿರತೆಗಳು. 2019ರ ಫೆಬ್ರವರಿಯಲ್ಲಿ ಒಂದು ಚಿರತೆ ಥಾಣೆಯ ಮಾಲ್ ಹೊಕ್ಕು, ಅಲ್ಲಿಂದ ಹತ್ತಿರದ ಹೋಟೆಲಿನ ನೆಲಮಾಳಿಗೆಗೆ ಇಳಿದು ಸಿಕ್ಕಿಬಿದ್ದದ್ದನ್ನು ಇಡೀ ಊರು ಟೀವಿಯಲ್ಲಿ ನೋಡಿದೆ. ನಾವು ಹೋದ ಬೆಳಿಗ್ಗೆ ಕಂಡದ್ದು ಬಂಗಲೆಗಳ ಗೇಟು, ಹಿಂದಿನ ರಾತ್ರಿಯ ಪಾರ್ಟಿಯ ಬಾಟಲಿ, ಬ್ಲೂಟೂತ್ ಸ್ಪೀಕರ್ ಹೊತ್ತು ಬೆಟ್ಟ ಹತ್ತುವ ಹುಡುಗರು. ಕಾಡಿಗೆ ಹೋಗಿ ಹಾಡು ಹಚ್ಚುವವರನ್ನು ನನಗೆ ಸಹಿಸಲಾಗುವುದಿಲ್ಲ; ಇದನ್ನು ಎಷ್ಟು ಸಲ ಹೇಳಿದರೂ ಸಮಾಧಾನವಿಲ್ಲ. ಬೋರೆಹಣ್ಣು ಮಾರುತ್ತಿದ್ದ ವಾರ್ಲಿ ಅಜ್ಜಿಯನ್ನು ಭಾವ ಚಿರತೆ ಎಷ್ಟು ಗಂಟೆಗೆ ಬರುತ್ತದೆಂದು ಕೇಳಿದರು. ಅವಳು ವಾಘೋಬಾನ ಕಲ್ಲಿದ್ದ ದಿಕ್ಕಿಗೆ ಕೈತೋರಿಸಿ, ‘‘ಅವನನ್ನೇ ಕೇಳಿ’’ ಎಂದಳು. ಹುಲಿ-ಚಿರತೆಗಳ ದೇವರು ಅವನು. ಪಟ್ಟಿಯ ಮೊದಲ ಸಾಲು ಅಲ್ಲಿಗೆ ಹೋಯಿತು.

ಎರಡನೆಯ ಸಾಲು ಐರೋಲಿ. ಥಾಣೆಯಲ್ಲಿ ಗಾಡಿ ಬದಲಿಸಿ ನವಿ ಮುಂಬಯಿ ಕಡೆಗೆ, ಅಂದರೆ ದ್ವೀಪದ ದಡ ನೋಡಲು ದ್ವೀಪವನ್ನೇ ಬಿಟ್ಟು ಹೋಗಬೇಕು. ಅಲ್ಲಿ ಅರಣ್ಯ ಇಲಾಖೆಯ ಕಡಲ ಜೀವವೈವಿಧ್ಯ ಕೇಂದ್ರವಿದೆ, ಫ್ಲೆಮಿಂಗೊ ನೋಡಲು ದೋಣಿ ಹೊರಡುವುದು ಅಲ್ಲಿಂದ. ಭಾವ ಬೆಳಿಗ್ಗೆ ಒಂಬತ್ತು ಎಂದು ಬರೆದುಕೊಂಡಿದ್ದರು, ಭಾನುವಾರದ ಲೋಕಲ್ ಖಾಲಿ ಇರುತ್ತದೆ ಎಂದು. ಫೋನಿನಲ್ಲಿ ಉತ್ತರ ಬಂತು: ದೋಣಿ ನಾಲ್ಕು ಗಂಟೆಗೆ. ಬೆಳಿಗ್ಗೆ ಯಾಕಿಲ್ಲ? ನೀರು ಇಲ್ಲ. ಹಾಗಾದರೆ ನಾಳೆ ನಾಲ್ಕಕ್ಕೆ ಬರಬಹುದೇ? ನಾಳೆ ಬೇರೆ ಹೊತ್ತು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೌಂಟರ್ ತೆರೆಯುವ ಹೊತ್ತು ತಪ್ಪಿಸದವರಿಗೆ ಇದು ಶುದ್ಧ ಅಶಿಸ್ತಾಗಿ ಕಂಡಿತು.

ದೋಣಿ ನಡೆಸುವವನು ಆಗ್ರಿ ಜನದ ನಡುವಯಸ್ಸಿನ ಮನುಷ್ಯ. ಜಾಕೆಟ್ ಕಟ್ಟಿಕೊಳ್ಳುವಾಗಲೇ ಭಾವ ಅವನನ್ನು ಹಿಡಿದರು. ಅವನು ಬೇಸರಿಸಲಿಲ್ಲ. ‘‘ಕಾಕಾ, ಇವತ್ತು ತಿಥಿ ಯಾವುದು?’’ ಅಕ್ಕ ಥಟ್ಟನೆ ಅಂದಳು, ಅಷ್ಟಮಿ. ಕಾಲನಿರ್ಣಯ ಕ್ಯಾಲೆಂಡರ್ ನೋಡದೆ ಅವಳು ಹೊಸ್ತಿಲು ದಾಟುವವಳಲ್ಲ. ‘‘ಎಂಟರ ಮುಕ್ಕಾಲು ಎಷ್ಟು? ಆರು. ಆರು ಗಂಟೆಗೆ ಭರತಿ ತುಂಬುತ್ತದೆ, ಖಾಡಿಯ ಒಳಕ್ಕೆ ಬರುವಾಗ ಇನ್ನೊಂದಿಷ್ಟು ತಡ. ನಾಲ್ಕಕ್ಕೆ ಹೊರಟರೆ ದೋಣಿಗೆ ಸಾಕಷ್ಟು ನೀರು, ಹಕ್ಕಿಗೆ ಸಾಕಷ್ಟು ಕೆಸರು.’’

ಕೊಂಕಣದ ಮೀನುಗಾರರ ಹಳೆಯ ಲೆಕ್ಕ ಇದು. ತಿಥಿಯನ್ನು ಮುಕ್ಕಾಲಿನಿಂದ ಗುಣಿಸಿದರೆ ಉಬ್ಬರದ ಗಂಟೆ ಸಿಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಮುಂಬಯಿ ಕರಾವಳಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ನೀರು ತುಂಬುವುದು, ದಿನದಿಂದ ದಿನಕ್ಕೆ ಅದು ಸುಮಾರು ಮುಕ್ಕಾಲು ಗಂಟೆ ಹಿಂದೆ ಬೀಳುವುದು, ಎರಡೂ ಅದರಲ್ಲಿ ಅಡಗಿವೆ. ಭಾವ ಪರೀಕ್ಷೆಗಿಳಿದರು. ‘‘ಸಂಕಷ್ಟಿಗೆ?’’

‘‘ಚೌತಿಯಲ್ಲವಾ? ಮೂರು ಗಂಟೆ.’’

‘‘ಏಕಾದಶಿಗೆ?’’

‘‘ಎಂಟೂಕಾಲು.’’

ಇಷ್ಟು ವರ್ಷ ಅಕ್ಕನ ಸಂಕಷ್ಟಿ ಉಪವಾಸವನ್ನು ಚಂದ್ರೋದಯದ ಗಡಿಯಾರದಲ್ಲಷ್ಟೇ ಅಳೆದಿದ್ದ ಮನುಷ್ಯ ಮೊಬೈಲಿನ ಕ್ಯಾಲ್ಕ್ಯುಲೇಟರ್ ತೆಗೆದು ಚೌತಿ, ಪಂಚಮಿ, ಷಷ್ಠಿ ಎಂದು ಒತ್ತುತ್ತ ಕೂತರು. ದೋಣಿ ಕಾಂಡ್ಲಾ ಗಿಡಗಳ ನಡುವಿನಿಂದ ಅಗಲ ನೀರಿಗೆ ಬಂದದ್ದು ಅವರಿಗೆ ತಿಳಿಯಲೂ ಇಲ್ಲ.

ಮೂಗಿಗೆ ಮೊದಲು ಬರುವುದು ವಾಸನೆ. ಎರಡೂ ದಡದ ಚರಂಡಿ, ಕಾರ್ಖಾನೆ ಎಲ್ಲ ಈ ಖಾಡಿಗೇ. ಪಶ್ಚಿಮದಲ್ಲಿ ಮುಲುಂಡಿನ ಗಗನಚುಂಬಿಗಳು, ತಲೆಯ ಮೇಲೆ ಹೈಟೆನ್ಷನ್ ತಂತಿ. ಅದರ ಕೆಳಗೆ ಕೆಸರಿನ ದಿಬ್ಬವೊಂದು ಗುಲಾಬಿಯಾಗಿತ್ತು. ಸಾವಿರವೋ ಎರಡು ಸಾವಿರವೋ, ತಲೆ ಕೆಳಗೆ ಮಾಡಿಕೊಂಡು ಕೊಕ್ಕಿನಿಂದ ಕೆಸರು ಸೋಸುತ್ತಿದ್ದವು. ದೋಣಿಯವನು ಇಂಜಿನ್ ಆರಿಸಿದ. ಇವುಗಳಿಗೆ ಆ ಬಣ್ಣ ಬರುವುದು ತಿನ್ನುವ ಪಾಚಿಯಿಂದ. ಆ ಪಾಚಿಗೆ ಗೊಬ್ಬರ ನಮ್ಮ ಊರುಗಳ ಕೊಳಚೆ. 2015ರಲ್ಲಿ ಸುಮಾರು 1,690 ಹೆಕ್ಟೇರನ್ನು ಫ್ಲೆಮಿಂಗೊ ಅಭಯಾರಣ್ಯವೆಂದು ಸಾರಿದರು, 2022ರಲ್ಲಿ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೂ ಸೇರಿತು. ಗಲೀಜನ್ನೇ ಉಂಡು ಚಂದವಾಗುವ ಹಕ್ಕಿಯನ್ನು ಹೊಗಳಬೇಕೋ, ನಾವು ತಲೆ ತಗ್ಗಿಸಬೇಕೋ ಎಂದು ಯೋಚಿಸುತ್ತಿರುವಾಗ 2024ರ ಮೇ ರಾತ್ರಿ ನೆನಪಾಯಿತು. ಘಾಟ್ಕೋಪರ್ ಮೇಲೆ ದುಬೈ ವಿಮಾನಕ್ಕೆ ಬಡಿದು 40ರಷ್ಟು ಫ್ಲೆಮಿಂಗೊಗಳು ಮನೆಗಳ ನಡುವೆ ಬಿದ್ದಿದ್ದವು.

ನೀರು ಏರುತ್ತ ಬಂತು. ದಿಬ್ಬದ ಅಂಚಿನ ಹಕ್ಕಿಗಳು ಒಂದೊಂದು ಹೆಜ್ಜೆ ಹಿಂದೆ ಸರಿದು ಗುಂಪು ಬಿಗಿಯಾಯಿತು. ಹುಡುಗನೊಬ್ಬ ಚಪ್ಪಾಳೆ ತಟ್ಟಿ ಹಾರಿಸಲು ನೋಡಿದ. ದೋಣಿಯವನು ‘‘ಅವುಗಳಿಗೆ ಊಟದ ಹೊತ್ತು ಇಷ್ಟೇ’’ ಎಂದು ಗದರಿದ. ಭಾವ ಫೋಟೊ ತೆಗೆಯಲಿಲ್ಲ. ದಡಕ್ಕೆ ಮರಳಿದಾಗ ಐದೂಮುಕ್ಕಾಲು, ದಿಬ್ಬವಿದ್ದಲ್ಲಿ ನೀರು.

ದ್ವೀಪದ ಕಡಲಂಚಿನ ಉತ್ತನ್‌ಗೆ ಹೋದದ್ದು ಬೇರೊಂದು ದಿನ. ಘೋಡ್‌ಬಂದರ್ ರಸ್ತೆಯ ಟ್ರಾಫಿಕ್ಕಿನಲ್ಲಿ ಅರ್ಧ ಆಯುಷ್ಯ ಕಳೆದು, ಭಾಯಂದರ್‌ನಿಂದ ಬಸ್ಸು ಹಿಡಿದು. ಮರಳಿನ ತುದಿಯಲ್ಲಿ ಪ್ಲಾಸ್ಟಿಕ್, ರೆಸಾರ್ಟುಗಳಲ್ಲಿ ಡಿಜೆ. ಆದರೆ ಊರೊಳಗೆ ಕೋಳಿ ಸಮುದಾಯದ ಕ್ರೈಸ್ತ ಮೀನುಗಾರರ ಅಂಗಳದಲ್ಲಿ ಬಿದಿರಿನ ಗಳುಗಳಿಗೆ ಬೊಂಬಿಲ್ ಮೀನು ಜೋಡಿಜೋಡಿಯಾಗಿ ಒಂದರ ಬಾಯಿಗೆ ಇನ್ನೊಂದು ಸಿಕ್ಕಿಸಿ ಒಣಗಲು ಹಾಕಿದ್ದರು. ಅಕ್ಕ ಅರ್ಧ ಕಿಲೋ ಒಣಮೀನಿಗೆ ಚೌಕಾಸಿಗಿಳಿದಳು. ಮಾರುವಾಕೆ ಒಪ್ಪಲಿಲ್ಲ: ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ಬಂದ್, ಈಗ ಕಡಿಮೆಗೆ ಕೊಟ್ಟರೆ ಆಗ ಊಟ ಏನು? ಅಕ್ಕ ಕೇಳಿದಷ್ಟು ಕೊಟ್ಟಳು. ಮೀನಂಗಡಿಯಲ್ಲಿ ಅವಳು ಸೋತದ್ದನ್ನು ನಾನು ನೋಡಿದ್ದು ಅಪರೂಪ.

ಲಂಕೆಯ ಪಟ್ಟಿ ಈಗ ಬೇರೆಯಾಗಿದೆ. ಆಗಸ್ಟಿನಲ್ಲಿ ಹೊರಡುವುದು, ಶಾಲೆಗೆ ರಜಾ ಅರ್ಜಿ ಕೊಡುವ ಕೆಲಸ ಮೊಮ್ಮಕ್ಕಳ ಅಪ್ಪನದು. ಮಿನ್ನೇರಿಯದಲ್ಲಿ ಮೂರು ಸಂಜೆ, ಆಮೇಲೆ ತ್ರಿಂಕೋಮಲಿ, ಅಲ್ಲೇ ಇರುವುದು. ಜೀಪಿನ ಬಾಡಿಗೆ, ಪಾರ್ಕಿಗೆ ವಿದೇಶಿಗರು ಕೊಡುವ ಡಾಲರ್ ಶುಲ್ಕ ಕೂಡಿಸಿ ಭಾವ ಒಂದು ಮೊತ್ತ ಹೇಳಿದರು, ಅಕ್ಕ ಕೇಳಿಸದವಳಂತೆ ಕಾಯಿ ತುರಿದಳು. ಯಾಲ ಹೋಯಿತು. ಮಿರಿಸ್ಸದ ಸಾಲನ್ನು ಮಾತ್ರ ಅವರು ಅಳಿಸಲಿಲ್ಲ, ಎದುರಿಗೆ ‘ಮುಂದಿನ ಫೆಬ್ರವರಿ’ ಎಂದು ಬರೆದರು. ದುಡ್ಡು ಎಲ್ಲಿಂದ ಎಂದು ಅಕ್ಕ ಕೇಳಿದಾಗ ಲ್ಯಾಪ್‌ಟಾಪ್ ಮುಚ್ಚಿದರು.