ಉಪ್ಪುಗಾಳಿಯ ಮನೆ

ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಅರಬ್ಬಿ ಸಮುದ್ರ, ಇನ್ನೊಂದಕ್ಕೆ ಸೌಪರ್ಣಿಕಾ ನದಿ. ಅಲ್ಲೇ ಸಮೀಪದ ನಮ್ಮ ಹಳೆಯ ಹೆಂಚಿನ ಮನೆಯನ್ನು ದುರಸ್ತಿ ಮಾಡಿಸಿ ಸಂಸಾರ ಹೂಡಿದೆವು. ಗೋಡೆಗೆ ಚಿಪ್ಪು ಸುಟ್ಟು ಮಾಡಿದ ಸುಣ್ಣವೇ ಇರಲಿ ಎಂದೆ. ಬಳಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಚಿಪ್ಪಿನದೇ ವಸ್ತುವಾಗುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್! ಗೋಡೆಯ ತೇವಕ್ಕೂ ಹೊರದಾರಿ ಬಿಡುತ್ತದೆ.

ಚಾವಡಿಯಲ್ಲಿ ಅಪ್ಪಯ್ಯನ ಫೋಟೋ ತೂಗುಹಾಕಿದೆ. ಎರಡನೆಯ ಮಳೆಗಾಲದ ಒಂದು ರಾತ್ರಿ ಅದು ಬಿದ್ದು ಗಾಜು ಚೂರಾಯಿತು. ಮೊಳೆ ತುಕ್ಕು ತಿಂದು ಮುರಿದಿತ್ತು. ಕಬ್ಬಿಣಕ್ಕೆ ನೀರು, ಆಮ್ಲಜನಕ ತಾಗಿದರೆ ತುಕ್ಕು. ಉಪ್ಪು ಸೇರಿದರೆ ಇನ್ನೂ ಬೇಗ. ಇದನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದವನು ನಾನೇ!

“ಪಾಠ ಮಕ್ಕಳಿಗೆ ಮಾತ್ರವಾ?” ಎಂದಳು ಹೆಂಡತಿ.

ಈಗ ಹಿತ್ತಾಳೆಯ ಕೊಕ್ಕೆ ಹಾಕಿದ್ದೇವೆ. ಫೋಟೋದ ಮೂಲೆಯಲ್ಲಿ ಗಾಜು ಗೀರಿದ ಗುರುತು ಮಾತ್ರ ಉಳಿದಿದೆ.