ಮ್ಯೋಸಾ ಸರೋವರದ ಬಿಳಿ ಹಂಸ

ನಾರ್ವೆ ಎಂದೊಡನೆ ನಮ್ಮವರಿಗೆ ಕಡಲು ಮತ್ತು ಹಿಮ ನೆನಪಾಗುತ್ತವೆ. ಆ ದೇಶದ ಒಳನಾಡಿನಲ್ಲಿ 117 ಕಿಲೋಮೀಟರ್ ಉದ್ದಕ್ಕೆ ಚಾಚಿರುವ ಮ್ಯೋಸಾ ಸರೋವರದ ಪರಿಚಯ ಅಷ್ಟಾಗಿ ಇಲ್ಲ. ದಕ್ಷಿಣದಲ್ಲಿ ಐಡ್ಸ್‌ವೋಲ್, ಪೂರ್ವದ ದಂಡೆಯಲ್ಲಿ ಹಾಮಾರ್, ಪಶ್ಚಿಮದಲ್ಲಿ ಯೋವಿಕ್, ಉತ್ತರದ ತುದಿಯಲ್ಲಿ 1994ರ ಚಳಿಗಾಲದ ಒಲಿಂಪಿಕ್ಸ್ ನಡೆದ ಲಿಲ್ಲೆಹಾಮರ್. ಈ ಊರುಗಳ ನಡುವೆ 1856ರಿಂದ ಓಡಾಡುತ್ತ ಬಂದಿರುವ ಉಗಿಹಡಗು 'ಶಿಬ್ಲಾಡ್ನರ್'. ಎರಡೂ ಪಕ್ಕಗಳಲ್ಲಿ ಹಲಗೆಗಳ ದೊಡ್ಡ ಚಕ್ರಗಳು ತಿರುಗಿ ನೀರನ್ನು ಹಿಂದಕ್ಕೆ ತಳ್ಳುವುದರಿಂದ ಇದು ಮುಂದೆ ಸಾಗುತ್ತದೆ. ಇದರ ಬಣ್ಣವನ್ನು ಕಂಡು ಅಲ್ಲಿನ ಜನ 'ಮ್ಯೋಸಾದ ಬಿಳಿ ಹಂಸ' ಎಂದು ಕರೆಯುತ್ತಾರೆ.

ಹಡಗಿನ ಹೆಸರು ಆ ನಾಡಿನ ಪುರಾಣದ್ದು. ಫ್ರೇಯರ್ ಎಂಬ ದೇವತೆಯ ಹಡಗಿಗೆ ಎಲ್ಲಿಗೆ ಹೊರಟರೂ ಅನುಕೂಲದ ಗಾಳಿಯಂತೆ. ಕೆಲಸ ತೀರಿದ ಮೇಲೆ ಅದನ್ನು ಬಟ್ಟೆಯಂತೆ ಮಡಿಚಿ ಚೀಲದಲ್ಲಿ ಇಡಬಹುದಂತೆ. ಈ ಕಬ್ಬಿಣದ ಹಡಗೂ ಒಂದರ್ಥದಲ್ಲಿ ಮಡಿಚಿಕೊಂಡೇ ಬಂದಿತು! ಸ್ವೀಡನ್ನಿನ ಮೋತಾಲಾ ಕಾರ್ಖಾನೆಯಲ್ಲಿ ತಯಾರಾದ ಭಾಗಗಳನ್ನು ಬಿಡಿಬಿಡಿಯಾಗಿ ಸಾಗಿಸಿ, ಸರೋವರದ ದಕ್ಷಿಣ ತುದಿಯ ಮಿನ್ನೆಸುಂಡ್‌ನಲ್ಲಿ ಜೋಡಿಸಿದರು.

ಹಡಗು ಹುಟ್ಟಿದ್ದೇ ರೈಲಿನ ಕಾರಣದಿಂದ. ಇಂದಿನ ಓಸ್ಲೋದಿಂದ ಐಡ್ಸ್‌ವೋಲ್‌ವರೆಗೆ ನಾರ್ವೆಯ ಮೊದಲ ರೈಲುಮಾರ್ಗ 1854ರಲ್ಲಿ ತೆರೆಯಿತು. ಅಲ್ಲಿಂದಾಚೆಗೆ ನೀರೇ ದಾರಿ. ಅಂಚೆ, ಸರಕು, ವ್ಯಾಪಾರಿಗಳು ಎಲ್ಲವೂ ಹಡಗಿನ ಮೇಲೆಯೇ. ಹೊಲಗದ್ದೆ ಸಾಲದೆ ಅಮೆರಿಕದತ್ತ ವಲಸೆ ಹೊರಟ ಒಳನಾಡಿನ ಕುಟುಂಬಗಳೂ ಈ ದಾರಿಯಲ್ಲಿಯೇ ಹೋದವು. ದಂಡೆಯಲ್ಲಿ ಉಳಿದ ತಂದೆತಾಯಿಗಳಿಗೆ ಈ ಹಡಗಿನ ಸೀಟಿ ಹೇಗೆ ಕೇಳಿಸಿರಬೇಕು! ದುಡಿಮೆಗಾಗಿ ಮಕ್ಕಳನ್ನು ದೂರದೇಶಕ್ಕೆ ಕಳುಹಿಸಿಕೊಟ್ಟ ಮನೆಗಳು ಇಂದು ನಮ್ಮಲ್ಲಿಯೂ ಕಡಿಮೆಯೇನಲ್ಲ.

ಬದುಕು ಕೊಟ್ಟ ರೈಲೇ ಮುಂದೆ ಹಡಗಿನ ಅನ್ನಕ್ಕೂ ಕೈಹಾಕಿತು. 1880ರಲ್ಲಿ ಹಳಿಗಳು ಹಾಮಾರ್ ತಲುಪಿದವು. 1894ರಲ್ಲಿ ಲಿಲ್ಲೆಹಾಮರ್‌ಗೂ ಬಂದವು. ಒಡೆಯರು ಕೈಚೆಲ್ಲಲಿಲ್ಲ. ಈ ನಡುವೆ, 1888ರಲ್ಲಿ, ಹಡಗಿನ ಒಡಲನ್ನು ಉದ್ದಗೊಳಿಸಿ 606 ಅಶ್ವಶಕ್ತಿಯ ಹೊಸ ಯಂತ್ರವನ್ನು ಕೂಡಿಸಿದ್ದರು. ಇದರಲ್ಲಿ ಒಂದೇ ಉಗಿ ಮೂರು ಬಾರಿ ದುಡಿಯುತ್ತದೆ: ಮೊದಲ ಸಿಲಿಂಡರಿನಲ್ಲಿ ಒತ್ತಡವನ್ನು ಕೊಟ್ಟು, ಹಿಗ್ಗಿ, ಇನ್ನೂ ದೊಡ್ಡದಾದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ. ಇಂಧನದ ಮಿತವ್ಯಯಕ್ಕೆ ಆ ಕಾಲದವರು ಕಂಡುಕೊಂಡ ಉಪಾಯವಿದು. ಉಗಿಯನ್ನು ಕಾಯಿಸಲು ಕಲ್ಲಿದ್ದಲಿನ ಬದಲು ಎಣ್ಣೆ ಬಂದದ್ದು 1920ರಲ್ಲಿ.

ಹಂಸ ಎರಡು ಬಾರಿ ಮುಳುಗಿಯೂ ಇದೆ: 1937ರಲ್ಲಿ ಮತ್ತು 1967ರಲ್ಲಿ. ಅದೂ ಸಂಚಾರದಲ್ಲಿ ಅಲ್ಲ, ಚಳಿಗಾಲದಲ್ಲಿ ಕಟ್ಟಿಹಾಕಿ ನಿಲ್ಲಿಸಿದ್ದಾಗ. ಎರಡನೆಯ ಬಾರಿ ಹಡಗಿಗೆ ನೂರಹತ್ತು ವರ್ಷ ದಾಟಿತ್ತು. ದಂಡೆಯ ಉದ್ದಕ್ಕೂ ರೈಲು, ಮೋಟಾರು ಓಡುತ್ತಿದ್ದವು. ಗುಜರಿಗೆ ಹಾಕಿದ್ದರೆ ಲೆಕ್ಕಾಚಾರದವರು ಆಕ್ಷೇಪಿಸುತ್ತಿರಲಿಲ್ಲ. ಆದರೂ ಎತ್ತಿ, ದುರಸ್ತಿ ಮಾಡಿ, ಮತ್ತೆ ನೀರಿಗಿಳಿಸಿದರು. ಅದನ್ನು ವಸ್ತುಸಂಗ್ರಹಾಲಯದ ಬೊಂಬೆಯಾಗಿಸದೆ ದುಡಿಯಲು ಬಿಟ್ಟದ್ದು ನಮಗೆ ಹೆಚ್ಚು ಮೆಚ್ಚಿಗೆಯಾಯಿತು. 2006ರಲ್ಲಿ ಅಲ್ಲಿನ ಪರಂಪರೆ ಇಲಾಖೆ ಇದನ್ನು ರಕ್ಷಿತ ಸ್ಮಾರಕವೆಂದು ಅಂಗೀಕರಿಸಿತು. ವೇಳಾಪಟ್ಟಿಯಂತೆ ಸಂಚರಿಸುವ ಚಕ್ರದ ಉಗಿಹಡಗುಗಳಲ್ಲಿ ಜಗತ್ತಿನಲ್ಲಿಯೇ ಹಳೆಯದೆಂಬ ಖ್ಯಾತಿ ಇದರದು.

ಬೇಸಿಗೆಯಲ್ಲಿ ಹಾಮಾರ್‌ನಲ್ಲಿ ಹಡಗು ಹತ್ತಿದ ನಾವು ದಂಡೆಯ ಹೊಲಗಳಿಗಿಂತ ಯಂತ್ರವನ್ನೇ ಹೆಚ್ಚು ಹೊತ್ತು ನೋಡಿದೆವು. ಎಣ್ಣೆಯ ವಾಸನೆ, ಬೆಚ್ಚನೆಯ ಆವಿ, ಉಸಿರಾಟದಂತಹ ಲಯ. ಅಂಬಿಗ ಕಾಯಕದ ಚೌಡಯ್ಯನವರನ್ನು ಶರಣರೆಂದು ಗೌರವಿಸುವ ನಮಗೆ, ಮಸಿಬಟ್ಟೆ ಹಿಡಿದ ಆ ಯಂತ್ರಪಾಲಕರನ್ನು ಸುಮ್ಮನೆ ನೋಡಿ ಬರಲಾಗಲಿಲ್ಲ, ಕೈಮುಗಿದೆವು. ಅವರು ನಕ್ಕು ತಲೆಬಾಗಿದರು. ಈ ಹಡಗಿನ ಹೆಸರಾಂತ ಊಟವೆಂದರೆ ಸಾಲ್ಮನ್ ಮೀನು, ಬಳಿಕ ಸ್ಟ್ರಾಬೆರಿ ಹಣ್ಣು. ಮೊದಲನೆಯದು ನಮ್ಮದಲ್ಲ, ಎರಡನೆಯದನ್ನು ಮಾತ್ರ ಎರಡು ಪಾಲು ತಿಂದೆವು.

ಬೇಸಿಗೆ ಕಳೆದರೆ ಹಡಗಿಗೆ ವಿಶ್ರಾಂತಿ. ಈಗ ಅದನ್ನು ಬಯಲಿನಲ್ಲಿ ಕಟ್ಟಿಹಾಕುವುದಿಲ್ಲ; ಹಾಮಾರ್‌ನಲ್ಲಿ ಅದಕ್ಕೆಂದೇ ಕಟ್ಟಿದ ಗಾಜಿನ ಮನೆಯಿದೆ.