ಇಂಗಾಲದ ಲೆಕ್ಕ, ಕಾಡಿನ ಹಕ್ಕು

ಊರು ಬಿಟ್ಟು ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿರುವ ನಾವು ಹಬ್ಬಕ್ಕೋ ಮದುವೆಗೋ ವಿಮಾನ ಹತ್ತಿ ಮಂಗಳೂರಿಗೆ, ಬೆಂಗಳೂರಿಗೆ ಹೋಗಿ ಬರುತ್ತೇವೆ. ಟಿಕೆಟು ಕೊಳ್ಳುವಾಗ ಕೆಲವೊಮ್ಮೆ ಒಂದು ಪುಟ್ಟ ಚೌಕ ಎದುರಾಗುತ್ತದೆ: ಇನ್ನಷ್ಟು ಹಣ ತೆತ್ತರೆ ನಿಮ್ಮ ಪ್ರಯಾಣದ ಹೊಗೆಗೆ ಪರಿಹಾರವಾಯಿತೆಂಬ ಅಭಯ. ನಮ್ಮಲ್ಲಿ ಅನೇಕರು ದುಡಿಯುವ ಕಂಪನಿಗಳ ವಾರ್ಷಿಕ ವರದಿಗಳಲ್ಲಿಯೂ ಇದೇ ಅಭಯ ದೊಡ್ಡ ಅಂಕಿಗಳ ವೇಷದಲ್ಲಿ ಬರುತ್ತದೆ. ಆ ಹಣ ಯಾರ ಕಾಡಿನ ಹೆಸರಿನಲ್ಲಿ ಎಲ್ಲಿಗೆ ಹೋಗುತ್ತದೆ, ಆ ಕಾಡಿನ ಜನರನ್ನು ಯಾರಾದರೂ ಕೇಳಿದರೇ ಎಂಬ ಪ್ರಶ್ನೆ ನಮ್ಮ ಬಳಗದ ಮಾತುಕತೆಯಲ್ಲಿ ಮತ್ತೆ ಮತ್ತೆ ಸುಳಿಯುತ್ತಿದೆ.

ವ್ಯವಹಾರ ಮೇಲ್ನೋಟಕ್ಕೆ ಸರಳವಾದುದು. ಗಾಳಿಗೆ ಸೇರಬೇಕಾಗಿದ್ದ 1 ಟನ್ ಇಂಗಾಲದ ಡೈ ಆಕ್ಸೈಡನ್ನು ತಡೆದರೆ, ಇಲ್ಲವೇ ಗಾಳಿಯಿಂದ ಅಷ್ಟನ್ನು ಹೀರಿಕೊಂಡರೆ ಒಂದು ಕ್ರೆಡಿಟ್. ಅದನ್ನು ಕೊಂಡವನು ತನ್ನ 1 ಟನ್ ಹೊಗೆಗೆ ಎದುರಾಗಿ ಲೆಕ್ಕ ಹಾಕಿಕೊಳ್ಳಬಹುದು. ಕೊಳ್ಳಲೇಬೇಕೆಂಬ ಕಾನೂನಿನ ಒತ್ತಾಯವಿಲ್ಲದ ಕಾರಣ ಇದು ಸ್ವಯಂಪ್ರೇರಿತ ಮಾರುಕಟ್ಟೆ. ಕೊಳ್ಳುವವನ ಪಾಲಿಗೆ ಈ ವಿಶೇಷಣ ನಿಜ. ಮಾರುವವನ ಪಾಲಿಗೂ ಅದು ಅಷ್ಟೇ ನಿಜವೇ ಎಂಬಲ್ಲಿ ನಮ್ಮ ಜಿಜ್ಞಾಸೆ ಆರಂಭವಾಗುತ್ತದೆ.

ಶಿಲ್ಲಾಂಗಿನಿಂದ ಸುಮಾರು 25 ಕಿಲೋಮೀಟರ್ ದೂರದ ಮಾಫ್ಲಾಂಗ್‌ನಲ್ಲಿ ಖಾಸಿ ಜನರ ಒಂದು ದೇವರಕಾಡು ಇದೆ. ಅಲ್ಲಿಂದ ಒಂದು ಎಲೆಯನ್ನೂ ಹೊರಗೆ ಒಯ್ಯಬಾರದೆಂಬುದು ಕಟ್ಟಳೆ. ಕೊಡಗಿನ ದೇವರಕಾಡುಗಳನ್ನು ಬಲ್ಲ ನಮಗೆ ಈ ಕಟ್ಟಳೆಯ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಆ ಕಾಡಿನ ಸುತ್ತಮುತ್ತಲ ಪ್ರದೇಶದಲ್ಲಿ 10 ಹಿಮಾಗಳು, ಅಂದರೆ ಖಾಸಿಗಳ ಸಾಂಪ್ರದಾಯಿಕ ಆಡಳಿತ ಘಟಕಗಳು, ಒಂದು ಒಕ್ಕೂಟ ಕಟ್ಟಿಕೊಂಡು 62 ಹಳ್ಳಿಗಳ ಕಾಡನ್ನು ಇಂಗಾಲದ ಯೋಜನೆಯಡಿ ತಂದಿವೆ. ಯೋಜನೆಯ ವ್ಯಾಪ್ತಿ ಸುಮಾರು 27,000 ಹೆಕ್ಟೇರ್. ಬೆಂಕಿ ಹರಡದಂತೆ ತಡೆಗೆರೆ ಸವರುವುದು, ಸೌದೆ ಉಳಿಸುವ ಒಲೆ, ಇದ್ದಿಲು ಸುಡುವುದಕ್ಕೆ ಬದಲಿ ಜೀವನೋಪಾಯ, ಹೆಂಗಸರ ಸ್ವಸಹಾಯ ಗುಂಪುಗಳು ಎಲ್ಲವೂ ಅದರಲ್ಲಿ ಸೇರಿವೆ. ಅದಕ್ಕೆ ಮಾನ್ಯತೆ ನೀಡಿದ ಪ್ಲಾನ್ ವಿವೋ ಎಂಬ ಮಾನದಂಡದ ಪ್ರಕಾರ ಕ್ರೆಡಿಟ್ ಮಾರಾಟದ ಆದಾಯದಲ್ಲಿ ಶೇಕಡಾ 60 ಆದರೂ ಸಮುದಾಯಕ್ಕೆ ಸಲ್ಲಬೇಕು. ಹೀಗಾಗುವುದು ಸಾಧ್ಯವಾದದ್ದಕ್ಕೆ ಮುಖ್ಯ ಕಾರಣ ಮಾರುಕಟ್ಟೆಯ ಔದಾರ್ಯವಲ್ಲ. ಸಂವಿಧಾನದ ಆರನೆಯ ಅನುಸೂಚಿಯ ಆಸರೆಯಲ್ಲಿ ಖಾಸಿ ಗುಡ್ಡಗಳ ಬಹುಪಾಲು ಕಾಡು ಇಂದಿಗೂ ಸಮುದಾಯದ, ಕುಲದ, ಕುಟುಂಬದ ಕೈಯಲ್ಲಿದೆ. ನೆಲ ತಮ್ಮದಾಗಿದ್ದುದರಿಂದ ಮಾತೂ ತಮ್ಮದಾಯಿತು.

ಆದರೂ ಈ ಲೆಕ್ಕದಲ್ಲಿ ಒಂದು ವೈಚಿತ್ರ್ಯವಿದೆ. ಮಾರುಕಟ್ಟೆ ಕಾಡಿಗೆ ಹಣ ಕೊಡುವುದಿಲ್ಲ, ಕಾಡಿಗೆ ಒದಗಬಹುದಾಗಿದ್ದ ಅಪಾಯ ತಪ್ಪಿದ್ದಕ್ಕೆ ಕೊಡುತ್ತದೆ. ಯೋಜನೆ ಇಲ್ಲದಿದ್ದರೆ ಎಷ್ಟು ಮರ ಉರುಳುತ್ತಿತ್ತು ಎಂಬ ಊಹೆಯ ಮೇಲೆ ಕ್ರೆಡಿಟ್ ಹುಟ್ಟುತ್ತದೆ. ಶತಮಾನಗಳಿಂದ ಯಾರೂ ಕೊಡಲಿ ತಾಗಿಸದ ದೇವರಕಾಡಿಗೆ ಈ ತರ್ಕದಲ್ಲಿ ಹೆಚ್ಚಿನ ಬೆಲೆ ಇಲ್ಲ, ಏಕೆಂದರೆ ಅದು ಹೇಗೂ ಉಳಿಯುತ್ತಿತ್ತು. ಅಂಚಿನಲ್ಲಿ ಸುಟ್ಟು ಕರಕಾಗುತ್ತಿರುವ ಕಾಡಿಗೆ ಬೆಲೆ. ಸಾಲ ಮಾಡದೆ ಬಾಳಿದವನಿಗೆ ಸಾಲಮನ್ನಾದ ಲಾಭವಿಲ್ಲವೆಂಬಂತೆ, ಕಾಡನ್ನು ಚೆನ್ನಾಗಿ ಕಾಯ್ದವರೇ ಲೆಕ್ಕದ ಹೊರಗೆ ಉಳಿಯುವ ಸಂಭವವಿದೆ. ಅತ್ತ ಊಹೆಯನ್ನು ಹಿಗ್ಗಿಸಿದಷ್ಟೂ ಕ್ರೆಡಿಟ್ ಹೆಚ್ಚುವುದರಿಂದ ಅಪಾಯವನ್ನು ದೊಡ್ಡದು ಮಾಡಿ ತೋರಿಸುವ ಆಮಿಷವೂ ಇದೆ.

ನೆಲದ ಮೇಲೆ ಹಕ್ಕಿದ್ದೂ ಸೋತವರ ಕಥೆ ಬ್ರೆಜಿಲಿನ ಪೈತೆರ್ ಸುರುಯಿ ಜನರದು. ಹೊರಜಗತ್ತಿನೊಡನೆ ಅವರ ಅಧಿಕೃತ ಸಂಪರ್ಕವಾದದ್ದು 1969ರಲ್ಲಿ. ಆಮೇಲಿನ ಕೆಲವೇ ವರ್ಷಗಳಲ್ಲಿ ಹೊರಗಿನಿಂದ ಬಂದ ಕಾಯಿಲೆಗಳಿಗೆ ಅವರ ಬಹುಪಾಲು ಜನ ಬಲಿಯಾದರು. ಉಳಿದವರು ಸುಮಾರು 2,48,000 ಹೆಕ್ಟೇರಿನ ತಮ್ಮ ನಾಡನ್ನು ಉಳಿಸಿಕೊಳ್ಳಲು 50 ವರ್ಷಗಳ ಯೋಜನೆಯನ್ನು ತಾವೇ ರೂಪಿಸಿದರು. ಅಲ್ಮಿರ್ ನರಯಮೋಗ ಸುರುಯಿ ಅವರ ನಾಯಕತ್ವದಲ್ಲಿ, ನಾಲ್ಕೂ ಕುಲಗಳ ಒಪ್ಪಿಗೆಯೊಂದಿಗೆ, 2009ರಲ್ಲಿ ಮರ ಕಡಿಯುವುದನ್ನು ನಿಲ್ಲಿಸುವ ನಿರ್ಧಾರವಾಯಿತು. 2013ರಲ್ಲಿ ಬ್ರೆಜಿಲಿನದೇ ಸೌಂದರ್ಯವರ್ಧಕ ಕಂಪನಿ ನತೂರಾ ಅವರಿಂದ 1,20,000 ಟನ್ನಿನ ಕ್ರೆಡಿಟ್ ಕೊಂಡಿತು. ಆದಿವಾಸಿಗಳೇ ಮುನ್ನಡೆಸಿದ ಯೋಜನೆಯೆಂದು ಲೋಕ ಕೊಂಡಾಡಿತು.

ಆಮೇಲೆ ಸಮುದಾಯದೊಳಗೇ ಬಿರುಕು ಕಾಣಿಸಿತು. ಹಣ ಎಲ್ಲರಿಗೂ ತಲಪುತ್ತಿಲ್ಲವೆಂದು ಒಂದು ಪಂಗಡ ದೂರಿತು. ಅದೇ ನೆಲದಲ್ಲಿ ಚಿನ್ನ, ವಜ್ರಗಳ ಆಸೆ ಅಕ್ರಮ ಗಣಿಗಾರರನ್ನು ಎಳೆದು ತಂದಿತು, ಮರಗಳ್ಳರೂ ಮರಳಿದರು. 2018ರಲ್ಲಿ ಯೋಜನೆ ಸ್ಥಗಿತವಾಯಿತು. ಇಲ್ಲಿ ಒಪ್ಪಿಗೆ ಪಡೆದದ್ದು ಸುಳ್ಳಲ್ಲ, ಜನರ ಸಂಕಲ್ಪವೂ ಸುಳ್ಳಲ್ಲ. ಆದರೆ ಗಡಿ ಕಾಯಬೇಕಾದದ್ದು ಸರ್ಕಾರ, ಅದು ಕಾಯಲಿಲ್ಲ. ಒಳನುಗ್ಗಿದವರ ಅಪರಾಧಕ್ಕೆ ಕಾಡಿನವರು ದಂಡ ತೆತ್ತರು. ಕ್ರೆಡಿಟ್ ಎಂಬುದು ಮರಗಳನ್ನು ಎಣಿಸಬಲ್ಲುದು, ಆದರೆ ಕಾವಲು ಕೂರಲಾರದು.

ಆದಿವಾಸಿಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಘೋಷಣೆ 2007ರಲ್ಲಿ ಬಂದಾಗ ಭಾರತ ಅದರ ಪರವಾಗಿ ಮತ ಹಾಕಿತು. ಮುಂಚಿತವಾಗಿ, ಒತ್ತಡವಿಲ್ಲದೆ, ಎಲ್ಲವನ್ನೂ ತಿಳಿಸಿ ಒಪ್ಪಿಗೆ ಪಡೆಯಬೇಕೆಂಬುದು ಅದರ ಜೀವಾಳ. ನಮ್ಮ ದೇಶದಲ್ಲಿ ಈ ತತ್ತ್ವಕ್ಕೆ ಬಲ ಕೊಟ್ಟದ್ದು 2006ರ ಅರಣ್ಯ ಹಕ್ಕು ಕಾಯಿದೆ. ಅದರಡಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿಯೇ ಮೊದಲು. ಜೇನು, ನೆಲ್ಲಿ, ಪಾಚಿಗಳ ಮಾತು ಈ ಹಕ್ಕಿನಲ್ಲಿ ಅಡಗಿದೆ, ಕಾಡನ್ನು ಕಾಯುವ ಅಧಿಕಾರದ ಮಾತೂ ಇದೆ. ಇಂಗಾಲ ಯಾರದೆಂಬ ಮಾತು ಮಾತ್ರ ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ. ಹೇಳದೆ ಬಿಟ್ಟದ್ದು ಯಾರ ಪಾಲಾಗುತ್ತದೆಂಬುದನ್ನು ನಮ್ಮ ಅರಣ್ಯಗಳ ಚರಿತ್ರೆ ಸಾಕಷ್ಟು ಬಾರಿ ತೋರಿಸಿದೆ.

ಒಪ್ಪಿಗೆಗೆ ಭಾಷೆಯ ಪ್ರಶ್ನೆಯೂ ಅಂಟಿಕೊಂಡಿದೆ. ಇಂಗಾಲವೆಂಬ ನಮ್ಮ ಪದದ ಬೇರು ಸಂಸ್ಕೃತದ ಅಂಗಾರ, ಅಂದರೆ ಕೆಂಡ. ಕಣ್ಣಿಗೆ ಕಾಣುವ, ಕೈ ಸುಡುವ ಕೆಂಡ ಎಲ್ಲಿ, ಮರದೊಳಗೆ ಅಡಗಿ ಎಲ್ಲೋ ದೂರದ ಕಂಪನಿಯ ಖಾತೆಗೆ ಜಮೆಯಾಗುವ ಸರಕು ಎಲ್ಲಿ? ಬೇರೆ ನುಡಿಯ ಊರಿಗೆ ಬಂದು, ಓದಲು ಬಾರದ ಲಿಪಿಯ ಕರಾರುಪತ್ರಗಳಿಗೆ ಹೆಬ್ಬೆಟ್ಟು ಒತ್ತಿ ಬಾಡಿಗೆ ಖೋಲಿ ಹಿಡಿದ ಹಿರಿಯರ ಮನೆಗಳಿಂದ ಬಂದವರು ನಾವು. 30 ಅಥವಾ 40 ವರ್ಷಗಳ ಕರಾರನ್ನು ಪರನುಡಿಯಲ್ಲಿ ಮುಂದಿಟ್ಟು ಪಡೆದ ರುಜುವನ್ನು ಒಪ್ಪಿಗೆಯೆಂದು ಕರೆಯುವಾಗ ನಮಗಾದರೂ ಅಳುಕು ಹುಟ್ಟಬೇಕು.

ಈ ಹಣವೂ ಇಲ್ಲದಿದ್ದರೆ ಕಾಡು ಗಣಿಯವರ ಪಾಲಾಗದೇ ಎಂದು ಬಳಗದ ಕೆಲವು ಮಿತ್ರರು ಕೇಳುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಖಾಸಿ ಹಳ್ಳಿಗಳಿಗೆ ಬಂದ ಹಣ ಸಣ್ಣದಾದರೂ ಅದರಿಂದ ಬೆಂಕಿ ಕಾಯುವವರಿಗೆ ಕೂಲಿ ದೊರೆಯಿತು. ಹಾಗಾಗಿ ಮಾರುಕಟ್ಟೆಯನ್ನೇ ತಿರಸ್ಕರಿಸುವುದು ನಮ್ಮ ಮತವಲ್ಲ, ಆ ತೀರ್ಮಾನ ಕೈಗೊಳ್ಳಬೇಕಾದವರೂ ನಾವಲ್ಲ. ಒಡಿಶಾದ ನಿಯಮಗಿರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇರೆಗೆ 2013ರಲ್ಲಿ ಸೇರಿದ 12 ಗ್ರಾಮಸಭೆಗಳು ಬಾಕ್ಸೈಟ್ ಗಣಿಗೆ ಒಂದಾದ ಮೇಲೊಂದು ಒಲ್ಲೆವೆಂದವು. ಒಲ್ಲೆನೆಂದರೆ ಅದು ನಡೆಯುತ್ತದೆಂಬ ಭರವಸೆ ಇದ್ದಲ್ಲಿ ಮಾತ್ರ ಒಪ್ಪಿದೆನೆಂಬ ಮಾತಿಗೆ ಅರ್ಥ ಬರುತ್ತದೆ. ಇಂಗಾಲದ ಯೋಜನೆಗಳನ್ನೂ ನಾವು ಈ ಒರೆಗಲ್ಲಿಗೆ ಹಚ್ಚಬೇಕು.

ನಮ್ಮಿಂದ ಆಗುವುದು ಸಣ್ಣ ಕೆಲಸ. ದುಡಿಯುವ ಸಂಸ್ಥೆ ಕ್ರೆಡಿಟ್ ಕೊಂಡೆನೆಂದು ಹೇಳಿಕೊಂಡಾಗ, ಅದು ಯಾವ ಕಾಡಿನದು, ನೆಲದ ಹಕ್ಕು ಯಾರ ಹೆಸರಿನಲ್ಲಿದೆ, ಕರಾರು ಯಾವ ನುಡಿಯಲ್ಲಿದೆ, ಆದಾಯದಲ್ಲಿ ಊರಿನ ಪಾಲೆಷ್ಟು, ಬೇಡವೆಂದವರು ಯಾರಾದರೂ ಇದ್ದರೇ ಎಂದು ಬರವಣಿಗೆಯಲ್ಲಿ ಕೇಳಬಹುದು. ಮುಂದಿನ ತಿಂಗಳ ಕೂಟದೊಳಗೆ ನಮ್ಮಲ್ಲಿ ಕೆಲವರು ತಂತಮ್ಮ ಕಚೇರಿಗಳಲ್ಲಿ ಈ ಐದು ಪ್ರಶ್ನೆಗಳನ್ನು ಕೇಳುವುದೆಂದು ಗೊತ್ತುಮಾಡಿಕೊಂಡಿದ್ದೇವೆ. ಬಂದ ಉತ್ತರಗಳನ್ನು, ಉತ್ತರ ಬಾರದಿದ್ದಲ್ಲಿ ಆ ಮೌನವನ್ನೂ, ಓದುಗರ ಮುಂದಿಡುತ್ತೇವೆ.